ಕಡಲಿಲ್ಲದ ಊರಿನ ಕಡಲದೇವರು

ಕೊಲ್ಹಾಪುರದ ಟೌನ್ ಹಾಲ್ ಮ್ಯೂಸಿಯಂ ಕಡಲಿನ ಚರಿತ್ರೆಯ ಮನೆ ಎಂದರೆ ಯಾರಾದರೂ ನಕ್ಕಾರು. ಪಂಚಗಂಗೆಯ ದಂಡೆಗೂ ಅರಬ್ಬಿ ಸಮುದ್ರಕ್ಕೂ ನಡುವೆ ಸಹ್ಯಾದ್ರಿಯೇ ಅಡ್ಡ ನಿಂತಿದೆ. ಆದರೆ 1870ರ ದಶಕದಲ್ಲಿ ಮೇಜರ್ ಚಾರ್ಲ್ಸ್ ಮ್ಯಾಂಟ್ ವಿನ್ಯಾಸ ಮಾಡಿದ ಆ ಗಾಥಿಕ್ ಕಟ್ಟಡಕ್ಕೆ ಹೆಸರು ತಂದದ್ದು ಗ್ರೀಕರ ಕಡಲದೇವರು ಪೊಸೈಡನ್‌ನ ಕಂಚಿನ ಮೂರ್ತಿ. ಗೇಣುದ್ದವೂ ಇಲ್ಲ. ಬತ್ತಲೆ ಮೈ, ಗಡ್ಡ, ಮೇಲೆತ್ತಿದ ಕೈ. ಆ ಕೈಯಲ್ಲಿದ್ದಿರಬೇಕಾದ ತ್ರಿಶೂಲ ಮಾತ್ರ ಉಳಿದಿಲ್ಲ. 1940ರ ದಶಕದ ನಡುವೆ ಕೊಲ್ಹಾಪುರದ ಬ್ರಹ್ಮಪುರಿ ದಿಬ್ಬ ಅಗೆದಾಗ ರೋಮನ್ ಹೂಜಿಯ ಜೊತೆ, ಬೆನ್ನ ಮೇಲೆ ಸವಾರರನ್ನು ಹೊತ್ತ ದೇಸಿ ಕಂಚಿನ ಆನೆಯ ಜೊತೆ ಇದೂ ಸಿಕ್ಕಿತು.

ಇದು ಕರಗಿಸಲೆಂದು ತಂದ ಗುಜರಿ ಕಂಚಿರಬಹುದು, ಇದರಿಂದ ಏನೂ ಸಿದ್ಧವಾಗದು ಎನ್ನುವವರಿದ್ದಾರೆ. ಇರಲಿ. ಗುಜರಿಯಾದರೂ ಹಡಗು ಹತ್ತಿಯೇ ಬರಬೇಕಿತ್ತು. ಭರೂಚ್ ಬಂದರಿಗೆ ತಾಮ್ರ, ತವರ ಬರುತ್ತಿದ್ದುದನ್ನು ಗ್ರೀಕ್ ನಾವಿಕರ ಕೈಪಿಡಿ ಪೆರಿಪ್ಲಸ್ ಹೇಳುತ್ತದೆ. ಸಂಬಂಧ ಒಮ್ಮುಖದ್ದೂ ಅಲ್ಲ. ಅಲೆಕ್ಸಾಂಡ್ರಿಯದ ಭೂಗೋಳಕಾರ ಟಾಲೆಮಿ 2ನೇ ಶತಮಾನದಲ್ಲಿ ಹಿಪ್ಪೊಕೌರದ ಅರಸ ಬಲೆಯೊಕೌರೋಸ್‌ನನ್ನು ಹೆಸರಿಸುತ್ತಾನೆ. ಕೊಲ್ಹಾಪುರದ ನಾಣ್ಯಗಳ ಮೇಲಿನ ವಿಳಿವಾಯಕುರನೇ ಅವನೆಂದು ಹಲವು ವಿದ್ವಾಂಸರ ಮತ. ಈ ಮತ ನಿಲ್ಲುವುದಾದರೆ, ಘಟ್ಟದ ಮೇಲಿನ ಒಬ್ಬ ಅರಸನ ಹೆಸರನ್ನು ನೈಲ್ ಮುಖದವರೆಗೆ ಒಯ್ದವರು ಯಾರು? ವ್ಯಾಪಾರಿಗಳು, ನಾವಿಕರು; ಬೇರೆ ಯಾರಿಗೆ ಆ ಗರಜು? ಬಂದರೆಂಬುದು ಸರಕು ಇಳಿಯುವ ಜಾಗ ಮಾತ್ರ. ಅದನ್ನು ಕೊಂಡವರು ಘಟ್ಟದ ಮೇಲಿದ್ದರು, ಆ ಅರ್ಧ ಕತೆ ಕರಾವಳಿಯ ಮ್ಯೂಸಿಯಂಗಳ ಲಂಗರು, ತೋಪುಗಳಲ್ಲಿ ಸಿಗದು.

ಕ್ರಿಸ್ತಶಕದ ಆರಂಭದ ಮಾತನ್ನು ಬ್ರಿಟಿಷರ ಕಾಲದ ಕಟ್ಟಡಕ್ಕೆ ಗಂಟುಹಾಕುವುದು ಬಲವಂತ ಎಂಬ ಆಕ್ಷೇಪ ಗುಜರಿಯ ಮಾತಿಗಿಂತ ಗಟ್ಟಿ. ಎರಡರ ನಡುವೆ ಮುರಿಯದ ಎಳೆಯಿದೆ ಎಂದು ನಾನೂ ಹೇಳಲಾರೆ. ಆದರೆ ಕಟ್ಟಡಕ್ಕೆ ಅದರದೇ ಕಡಲಿನ ಹಿನ್ನೆಲೆ ಇದೆ. ಕರಾವಳಿಯ ಮಾಲವಣದ ಸಿಂಧುದುರ್ಗ ಕೋಟೆ ಕೊಲ್ಹಾಪುರದ ಛತ್ರಪತಿಗಳದಾಗಿತ್ತು. ಅಲ್ಲಿಂದ ಹೊರಟ ಹಡಗುಗಳನ್ನು ಇಂಗ್ಲಿಷರು ಕಡಲ್ಗಳ್ಳರೆಂದರು, ತಮ್ಮ ಪಾಸು ಇಲ್ಲದೆ ಓಡಾಡುವವರೆಲ್ಲ ಅವರಿಗೆ ಕಳ್ಳರೇ. 1765ರಲ್ಲಿ ಕೋಟೆ ಹಿಡಿದು ಫೋರ್ಟ್ ಆಗಸ್ಟಸ್ ಎಂದು ಹೆಸರಿಟ್ಟರು, ಮರುವರ್ಷ ಹಿಂತಿರುಗಿಸಿದರು. 1812ರ ಒಪ್ಪಂದದಲ್ಲಿ ಮಾಲವಣ ಖಾಯಮ್ಮಾಗಿ ಕೈತಪ್ಪಿತು. ಬಂದರು ಕಳೆದುಕೊಂಡ ಸಂಸ್ಥಾನದಲ್ಲಿ ಅರವತ್ತು ವರ್ಷಗಳ ಮೇಲೆ ಬ್ರಿಟಿಷ್ ಮೇಜರ್ ಒಬ್ಬ ಟೌನ್ ಹಾಲಿನ ನಕ್ಷೆ ಬರೆದ.