ಗೋರಿ ಮೊದಲು, ಚರ್ಚ್ ಆಮೇಲೆ: ಸೂರತ್ತಿನ ತಾಪಿ ದಂಡೆಯ ಕಥೆ

ಇವತ್ತು ಸೂರತ್ತಿಗೆ ಹೋಗೋಣ. ಅಲ್ಲಿ ತಾಪಿ ನದಿಯ ದಂಡೆಯಲ್ಲಿ, ಹಳೇ ಕೋಟೆಯ ಹತ್ತಿರ, ಇಂಗ್ಲಿಷರು ಕಟ್ಟಿಸಿದ ಚರ್ಚ್ ಇದೆ. ಕಲ್ಕತ್ತಾದ ಬಿಷಪ್ ರೆಜಿನಾಲ್ಡ್ ಹೀಬರ್ ಬಂದು ಇದನ್ನ ಪ್ರತಿಷ್ಠಾಪನೆ ಮಾಡಿದ್ದು 1825ರ ಏಪ್ರಿಲ್‌ನಲ್ಲಿ. ಈ ಇಸವಿ ನೋಡಿದಾಗ ನನಗೊಂದು ಪ್ರಶ್ನೆ ಬಂತು. ಈಸ್ಟ್ ಇಂಡಿಯಾ ಕಂಪನಿ ಸೂರತ್ತಿನಲ್ಲಿ ನೆಲೆಯೂರಿದ್ದು ಜಹಾಂಗೀರನ ಕಾಲದಲ್ಲಿ, 1613ರಲ್ಲಿ. ಹಾಗಾದ್ರೆ ಇನ್ನೂರು ವರ್ಷ ಇವರು ಪ್ರಾರ್ಥನೆ ಎಲ್ಲಿ ಮಾಡ್ತಿದ್ರು?

ಉತ್ತರ: ತಮ್ಮ ಕೋಠಿಯ ಒಳಗೇ. 1690ರ ಸುಮಾರಿಗೆ ಅಲ್ಲಿದ್ದ ಪಾದ್ರಿ ಜಾನ್ ಓವಿಂಗ್ಟನ್ ಆ ಪ್ರಾರ್ಥನಾ ಕೋಣೆಯ ಬಗ್ಗೆ ಬರೆದಿದ್ದಾನೆ. ಅಚ್ಚುಕಟ್ಟಾಗಿ ಅಲಂಕಾರ ಮಾಡಿದ್ದರಂತೆ, ಆದ್ರೆ ಯಾವ ಜೀವಿಯ ಚಿತ್ರವೂ ಇರಲಿಲ್ಲ. ಒಳಗೆ ಬರುವ ಮುಸ್ಲಿಮರ ಮನಸ್ಸಿಗೆ ನೋವಾಗಬಾರದು ಅಂತ. ಗಮನಿಸಿ, ಬಂದರು ಮೊಘಲರದ್ದು. ಇಂಗ್ಲಿಷರು ಅಲ್ಲಿ ಅನುಮತಿ ಪಡೆದು ಬದುಕುತ್ತಿದ್ದ ವ್ಯಾಪಾರಿಗಳು, ಅಷ್ಟೇ.

ಆದರೆ ಗೋರಿಗಳ ಮಾತೇ ಬೇರೆ. 1669ರಲ್ಲಿ ತೀರಿಕೊಂಡ ಜಾರ್ಜ್ ಆಕ್ಸಿಂಡೆನ್‌ನ ಸಮಾಧಿ ನೋಡಿ: ಕಂಬ, ಕಮಾನು, ಮೇಲೆ ಗುಮ್ಮಟ. ಯಾವುದೋ ನವಾಬನದ್ದು ಅನ್ನಿಸಬೇಕು! ಡಚ್ಚರೂ ಹಿಂದೆ ಬೀಳಲಿಲ್ಲ. ಮಲಬಾರಿನ ಗಿಡಗಳ ಮೇಲೆ ‘ಹಾರ್ಟಸ್ ಮಲಬಾರಿಕಸ್’ ಗ್ರಂಥ ಮಾಡಿಸಿದ ವಾನ್ ರೀಡ್ 1691ರಲ್ಲಿ ಸತ್ತಾಗ ಅವನಿಗೂ ಇಲ್ಲಿ ಭವ್ಯ ಸಮಾಧಿ ಎದ್ದಿತು. ನನ್ನ ಪ್ರಕಾರ, ದೊಡ್ಡಸ್ತಿಕೆ ತೋರಿಸೋಕೆ ಊರಿಗೆ ಅರ್ಥವಾಗುವ ಭಾಷೆ ಅದೊಂದೇ ಆಗಿತ್ತು.

ಮುಂದೆ ಕಾಲ ತಿರುಗಿತು. 1759ರಲ್ಲಿ ಕೋಟೆ, 1800ರಲ್ಲಿ ಇಡೀ ಊರಿನ ಆಡಳಿತ ಕಂಪನಿ ಕೈಗೆ ಬಂತು. ಇನ್ನೊಂದು ತೊಡಕಿತ್ತು: ಆಂಗ್ಲಿಕನ್ ಚರ್ಚನ್ನ ಪ್ರತಿಷ್ಠಾಪಿಸೋಕೆ ಬಿಷಪ್ಪೇ ಬೇಕು, ಭಾರತದಲ್ಲಿ ಅಂಥವರು ಇರಲೇ ಇಲ್ಲ. 1813ರ ಸನದು ಕಾಯ್ದೆ ಆದಮೇಲೆ 1814ರಲ್ಲಿ ಮೊದಲ ಬಿಷಪ್ ನೇಮಕವಾದರು. ನಮ್ಮ ಬೆಂಗಳೂರಿನ ಸೇಂಟ್ ಮಾರ್ಕ್ಸ್ ಕೂಡ 1812ಕ್ಕೇ ಕಟ್ಟಿ ಮುಗಿದಿದ್ದರೂ ಪ್ರತಿಷ್ಠಾಪನೆ ಆಗಿದ್ದು 1816ರಲ್ಲಿ. ಸೂರತ್ತಿನ ಸರದಿ ಹೀಬರ್ ಕಾಲಕ್ಕೆ ಬಂತು. ಮರುವರ್ಷ ಏಪ್ರಿಲ್‌ನಲ್ಲೇ ಹೀಬರ್ ತಿರುಚಿರಾಪಳ್ಳಿಯಲ್ಲಿ ತೀರಿಕೊಂಡರು.

ವಿಪರ್ಯಾಸ ಏನಂದ್ರೆ, ಕಂಪನಿಯ ಮುಖ್ಯ ಕಚೇರಿ 1687ರಲ್ಲೇ ಮುಂಬಯಿಗೆ ಹೋಗಿಯಾಗಿತ್ತು. ಸೂರತ್ತಿನ ವೈಭವದ ದಿನಗಳಲ್ಲಿ ಇಂಗ್ಲಿಷರಿಗೆ ಇಲ್ಲಿ ಚರ್ಚ್ ಇರಲಿಲ್ಲ. ಚರ್ಚ್ ಎದ್ದಾಗ ಆ ವೈಭವ ಇರಲಿಲ್ಲ.

ಹೋದರೆ ಎರಡನ್ನೂ ಒಂದೇ ದಿನ ನೋಡಿ. ಕತಾರ್‌ಗಾಮ್ ದರ್ವಾಜಾ ಹತ್ತಿರದ ಗುಮ್ಮಟಗಳಲ್ಲಿ ಊರಿನವರ ಮೆಚ್ಚುಗೆ ಬಯಸಿದ ವ್ಯಾಪಾರಿ ಕಾಣ್ತಾನೆ. ನದಿ ದಂಡೆಯ ಚರ್ಚಿನಲ್ಲಿ, ಆ ಮೆಚ್ಚುಗೆ ಇನ್ನು ಬೇಕಿಲ್ಲ ಅಂದುಕೊಂಡ ಆಳರಸ ಕಾಣ್ತಾನೆ.