ನಕ್ಷೆ ಎಲ್ಲಿ ಕುಳಿತಿದೆ? ಜಕಾರ್ಡ್ ನೇಯ್ಗೆ, ತಂತ್ರಾಂಶ ಮತ್ತು ಇಳಕಲ್ಲಿನ ಕೊಂಡಿ

ಜವಳಿ ಉದ್ಯಮಕ್ಕೆ ಕಂಪ್ಯೂಟರ್ ಏನು ಮಾಡಿತು ಎಂಬ ಚರ್ಚೆ ಸಾಮಾನ್ಯವಾಗಿ ವೇಗದ ಲೆಕ್ಕದಿಂದ ಶುರುವಾಗುತ್ತದೆ. ನೇಯ್ಗೆಯ ಮಟ್ಟಿಗೆ ಈ ಲೆಕ್ಕ ದಾರಿ ತಪ್ಪಿಸುತ್ತದೆ. ವಿನ್ಯಾಸದ ತಂತ್ರಾಂಶ ಬಂತೆಂದು ಕೈಮಗ್ಗದ ಲಾಳಿ ಮೊದಲಿಗಿಂತ ಬೇಗ ಓಡುವುದಿಲ್ಲ. ಬದಲಾಗಿರುವುದು ಲಾಳಿ ಓಡುವುದಕ್ಕೂ ಮೊದಲಿನ ಕೆಲಸ. ಕಾಗದದ ಮೇಲಿನ ಹೂವು ಮಗ್ಗಕ್ಕೆ ಅರ್ಥವಾಗಬೇಕಾದರೆ ಹಾಸಿನ (ಉದ್ದಕ್ಕೆ ಹರಿಯುವ ಎಳೆಗಳ) ಯಾವ ಎಳೆ ಮೇಲೇಳಬೇಕು, ಯಾವುದು ಕೆಳಗುಳಿಯಬೇಕು ಎಂಬ ಸಾಲು ಸಾಲು ಆಜ್ಞೆಗಳಾಗಿ ಅದು ಒಡೆಯಬೇಕು. ಆ ಒಡೆಯುವ ಕೆಲಸ ಈಗ ಪರದೆಯ ಮೇಲೆ ನಡೆಯುತ್ತಿದೆ. ಈ ಬದಲಾವಣೆ ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದು ಆಯಾ ಬಟ್ಟೆಯ ಗುರುತು ಎಲ್ಲಿ ಅಡಗಿದೆ ಎಂಬುದನ್ನು ಅವಲಂಬಿಸಿದೆ. ಬನಾರಸಿನ ಸೀರೆಯ ಗುರುತು ಬಹುಮಟ್ಟಿಗೆ ನಕ್ಷೆಯಲ್ಲಿದೆ. ಇಳಕಲ್ ಸೀರೆಯ ಗುರುತು ಹಾಸಿನಲ್ಲಿದೆ. ಎರಡಕ್ಕೂ ಒಂದೇ 'ಡಿಜಿಟಲೀಕರಣ' ಮದ್ದಾಗಲಾರದು ಎಂಬುದು ಈ ಟಿಪ್ಪಣಿಯ ವಾದ.

ನಕ್ಷೆಯನ್ನು ಮಗ್ಗದ ಹೊರಗೆ ಕೂಡಿಡುವ ಪದ್ಧತಿ ಕಂಪ್ಯೂಟರಿಗಿಂತ ತೀರ ಹಳೆಯದು. ಬನಾರಸಿನ ನಕ್ಷಾಬಂದರು ಚಿತ್ತಾರವನ್ನು ನೂಲಿನಲ್ಲೇ ಕಟ್ಟಿಡುತ್ತಿದ್ದರು. ಆ ನೂಲಿನ ಜಾಲವನ್ನು ಮಗ್ಗಕ್ಕೆ ಜೋಡಿಸಿದರೆ, ಮೇಲಿನಿಂದ ಎಳೆಗಳನ್ನು ಎತ್ತುವ ಸಹಾಯಕನ ಕೈ ಹೂವನ್ನು ಮತ್ತೆ ಮತ್ತೆ ಮೂಡಿಸುತ್ತಿತ್ತು. ಫ್ರಾನ್ಸಿನ ಲಿಯಾನ್ ನಗರದಲ್ಲಿ ಇದೇ ಕೆಲಸವನ್ನು ಕಾಗದಕ್ಕೆ ವಹಿಸುವ ಪ್ರಯತ್ನ 1725ರಲ್ಲಿ ಬಸೀಲ್ ಬುಶೋನನಿಂದ ಆರಂಭವಾಯಿತು. ಅವನು ಬಳಸಿದ್ದು ರಂಧ್ರ ಕೊರೆದ ಕಾಗದದ ಸುರುಳಿ. ಮೂರು ವರ್ಷಗಳ ನಂತರ ಫಾಲ್ಕನ್ ಎಂಬವನು ಸುರುಳಿಯ ಬದಲು ಒಂದಕ್ಕೊಂದು ಹೆಣೆದ ಕಾರ್ಡುಗಳನ್ನು ತಂದ. ಇವರ ಮತ್ತು ಇವರ ನಂತರ ಬಂದ ವೋಕಾನ್ಸನ್ ಎಂಬವನ ಯತ್ನಗಳನ್ನು ಒಗ್ಗೂಡಿಸಿ, ಸಹಾಯಕನ ಅಗತ್ಯವಿಲ್ಲದೆ ನೇಕಾರ ಒಬ್ಬನೇ ನಡೆಸಬಲ್ಲ ಸಾಧನವನ್ನು 1804ರಲ್ಲಿ ಜೋಸೆಫ್ ಮರಿ ಜಕಾರ್ಡ್ ರೂಪಿಸಿದ. ಕಾರ್ಡಿನಲ್ಲಿ ರಂಧ್ರ ಇದ್ದರೆ ಹಾಸಿನ ಎಳೆಯನ್ನು ಎತ್ತುವ ಹುಕ್ ಮೇಲೇಳುತ್ತದೆ, ಇಲ್ಲದಿದ್ದರೆ ಇಲ್ಲ. ಇಷ್ಟೇ ಅದರ ತತ್ವ.

ಈ ತತ್ವ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಜಕಾರ್ಡನ ಮರಣಾನಂತರ, 1839ರಲ್ಲಿ ಲಿಯಾನಿನಲ್ಲಿ ರೇಷ್ಮೆಯಲ್ಲಿ ನೇಯ್ದ ಅವನ ಭಾವಚಿತ್ರವೇ ಸಾಕ್ಷಿ. ಅದಕ್ಕೆ ಸುಮಾರು 24,000 ಕಾರ್ಡುಗಳು ಬೇಕಾದವು. ಅದರ ಒಂದು ಪ್ರತಿ ಇಂಗ್ಲೆಂಡಿನ ಗಣಿತಜ್ಞ ಚಾರ್ಲ್ಸ್ ಬ್ಯಾಬೇಜ್ ಬಳಿ ಇತ್ತು. ತನ್ನ ಗಣಕಯಂತ್ರದ ಕಲ್ಪನೆಗೆ ಕಾರ್ಡನ್ನು ಅವನು ಎರವಲು ಪಡೆದದ್ದು ಮಗ್ಗದಿಂದಲೇ. ಹೀಗಾಗಿ 'ಕಂಪ್ಯೂಟರ್ ಮಗ್ಗಕ್ಕೆ ಬಂತು' ಎನ್ನುವಾಗ ಸಾಲ ಹಿಂದಿರುಗಿದೆ ಎಂದೇ ತಿಳಿಯಬೇಕು. ಹಿಂದಿರುಗಲು ನೂರು ವರ್ಷಕ್ಕೂ ಮಿಗಿಲಾದ ಕಾಲ ಹಿಡಿಯಿತು. ಐಬಿಎಂ ಸಂಸ್ಥೆಯಲ್ಲಿದ್ದ ಜಾನಿಸ್ ಲೂರಿ ಸ್ವತಃ ನೇಯ್ಗೆ ಬಲ್ಲವರು. ಪರದೆಯ ಮೇಲೆ ಬರೆದ ಚಿತ್ರವನ್ನು ನೇಯ್ಗೆಯ ಆಜ್ಞೆಗಳಾಗಿ ಪರಿವರ್ತಿಸುವ ವ್ಯವಸ್ಥೆಯನ್ನು ಅವರು 1960ರ ದಶಕದಲ್ಲಿ ಕಟ್ಟಿದರು. 1968ರಲ್ಲಿ ಅಮೆರಿಕದ ಸ್ಯಾನ್ ಆಂಟೋನಿಯೊದ ವಿಶ್ವಮೇಳದಲ್ಲಿ ಅದರ ಪ್ರದರ್ಶನ ನಡೆಯಿತು. 1970ರಲ್ಲಿ ಪೇಟೆಂಟ್ ಸಿಕ್ಕಿತು. ಕಾರ್ಡನ್ನೇ ಬಿಟ್ಟು ವಿದ್ಯುತ್ಕಾಂತದಿಂದ ಹುಕ್‌ಗಳನ್ನು ಆರಿಸುವ ಎಲೆಕ್ಟ್ರಾನಿಕ್ ಜಕಾರ್ಡನ್ನು ಬ್ರಿಟನ್ನಿನ ಬೋನಾಸ್ ಕಂಪನಿ 1983ರಲ್ಲಿ ಮಿಲಾನಿನ ಜವಳಿ ಯಂತ್ರ ಮೇಳದಲ್ಲಿ ತೋರಿಸಿತು.

ಪರದೆಯ ಮೇಲೆ ನಡೆಯುವ ಕೆಲಸ ಯಾವ ಬಗೆಯದು? ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. 240 ಹುಕ್‌ಗಳ ಜಕಾರ್ಡ್ ಇದೆ, ಇಂಚಿಗೆ 60 ಹೊಕ್ಕು (ಅಡ್ಡ ಎಳೆ) ಬೀಳುತ್ತದೆ, ನಾಲ್ಕು ಇಂಚು ಎತ್ತರದ ಹೂಬಳ್ಳಿ ನೇಯಬೇಕು ಎಂದಿಟ್ಟುಕೊಳ್ಳಿ. ಹೊಕ್ಕಿಗೊಂದು ಕಾರ್ಡಿನಂತೆ 240 ಕಾರ್ಡುಗಳು ಬೇಕು. ಪ್ರತಿ ಕಾರ್ಡಿನಲ್ಲಿ 240 ಜಾಗಗಳು. ಒಟ್ಟು 57,600 ತೀರ್ಮಾನಗಳು, ಪ್ರತಿಯೊಂದೂ 'ಎತ್ತು' ಅಥವಾ 'ಬಿಡು'. ಹಳೆಯ ಕ್ರಮದಲ್ಲಿ ಇವನ್ನು ಗ್ರಾಫ್ ಹಾಳೆಯ ಚೌಕಗಳಲ್ಲಿ ಬಣ್ಣ ತುಂಬಿ ಗುರುತಿಸಿ, ಸಾಲಿನಂತೆ ಓದುತ್ತ ಒಂದೊಂದೇ ಕಾರ್ಡಿಗೆ ರಂಧ್ರ ಹೊಡೆದು, ಕ್ರಮ ತಪ್ಪದಂತೆ ದಾರದಿಂದ ಹೆಣೆಯಬೇಕಿತ್ತು. ಬಳ್ಳಿಯ ಬಾಗು ಸರಿಬರಲಿಲ್ಲ ಎಂದು ನೇಯ್ದಾದ ಮೇಲೆ ಅನ್ನಿಸಿದರೆ, ಆ ಬಾಗು ಹಾದುಹೋಗುವ ಅಷ್ಟೂ ಕಾರ್ಡುಗಳನ್ನು ಹೊಸದಾಗಿ ಹೊಡೆಯಬೇಕು. ಕಂಪ್ಯೂಟರಿನಲ್ಲಿ ಈ 57,600 ತೀರ್ಮಾನಗಳು 7,200 ಬೈಟ್‌ಗಳಲ್ಲಿ ಮುಗಿಯುತ್ತವೆ. ಮೊಬೈಲಿನಲ್ಲಿ ತೆಗೆದ ಒಂದು ಫೋಟೋ ಇದಕ್ಕಿಂತ ನೂರಾರು ಪಟ್ಟು ದೊಡ್ಡದು. ಬಾಗನ್ನು ತಿದ್ದಲು ಕೆಲವು ನಿಮಿಷ ಸಾಕು.

ನನ್ನ ದೃಷ್ಟಿಯಲ್ಲಿ ಇಲ್ಲಿನ ದೊಡ್ಡ ಲಾಭ ಶ್ರಮದ ಉಳಿತಾಯಕ್ಕಿಂತ ಪ್ರಯೋಗದ ಸ್ವಾತಂತ್ರ್ಯ. ತಿದ್ದುಪಡಿ ದುಬಾರಿಯಾಗಿದ್ದಾಗ ಮಗ್ಗದ ಯಜಮಾನರು ಮಾರಾಟ ಖಚಿತವಾಗಿದ್ದ ಹಳೆಯ ಕಾರ್ಡುಗಳನ್ನೇ ಸವೆಯುವವರೆಗೆ ಓಡಿಸುವುದು ಸಹಜವಾಗಿತ್ತು. ಹೊಸ ಅಂಚು ಎಂದರೆ ಹೊಸ ಬಂಡವಾಳ. ಈಗ ಒಂದು ಮದುವೆಗೆಂದೇ, ಒಂದೇ ಸೀರೆಗೆಂದೇ ನಕ್ಷೆ ಬರೆಸುವುದು ಆಗುವ ಮಾತಾಗಿದೆ.

ಆದರೆ ತಂತ್ರಾಂಶ ಗೊತ್ತಿದ್ದ ಮಾತ್ರಕ್ಕೆ ನೇಯ್ಗೆ ಗೊತ್ತಾಗುವುದಿಲ್ಲ. ಮೊದಲ ತೊಡಕು ಪ್ರಮಾಣದ್ದು. ಪರದೆಯ ಮೇಲಿನ ಚೌಕ ನಾಲ್ಕೂ ಕಡೆ ಸಮ. ಬಟ್ಟೆಯ ಚೌಕ ಹಾಗಿರುವುದು ಅಪರೂಪ. ಇಂಚಿಗೆ ಹಾಸು 100 ಎಳೆ, ಹೊಕ್ಕು 60 ಎಳೆ ಇರುವ ಬಟ್ಟೆಯಲ್ಲಿ ಎರಡು ಇಂಚಿನ ವೃತ್ತ ಬೇಕಾದರೆ ಅದನ್ನು 200 ಎಳೆ ಅಗಲ, 120 ಎಳೆ ಎತ್ತರಕ್ಕೆ ಬರೆಯಬೇಕು. ಪರದೆಯ ಮೇಲೆ ಚೆಂದವಾಗಿ ಕಾಣಲೆಂದು 200ಕ್ಕೆ 200 ಬರೆದವರಿಗೆ ಮಗ್ಗದಿಂದ ಮೂರು ಇಂಚಿಗೂ ಮಿಕ್ಕಿ ಉದ್ದವಾದ ಮೊಟ್ಟೆಯಾಕಾರ ಇಳಿದು ಬರುತ್ತದೆ. ಹಿಂದಿನವರು ಇದಕ್ಕೆಂದೇ ಅಗಲ ಎತ್ತರ ಬೇರೆಯಾಗಿರುವ ಗ್ರಾಫ್ ಹಾಳೆ ಬಳಸುತ್ತಿದ್ದರು. ಇಂದಿನ ನೇಯ್ಗೆ ತಂತ್ರಾಂಶಗಳೂ ಇಂಚಿನ ಎಳೆಯ ಲೆಕ್ಕವನ್ನು ಮೊದಲೇ ಕೇಳುತ್ತವೆ. ಕೇಳಿದ್ದಕ್ಕೆ ಸರಿಯಾದ ಉತ್ತರ ಕೊಡಬೇಕಾದವರು ಮಾತ್ರ ಮಗ್ಗ ಕಂಡವರೇ.

ಎರಡನೆಯ ತೊಡಕು ಇನ್ನೂ ಸೂಕ್ಷ್ಮ. ಚಿತ್ರದಲ್ಲಿ ಒಂದು ಎಲೆಗೆ ಚಿನ್ನದ ಬಣ್ಣ ತುಂಬಿದರೆ ಚಿತ್ರಕಾರನ ಕೆಲಸ ಮುಗಿಯಿತು. ನೇಕಾರನಿಗೆ ಕೆಲಸ ಅಲ್ಲಿಂದ ಆರಂಭ. ಆ ಎಲೆಯ ಉದ್ದಕ್ಕೂ ಜರಿ ಕಟ್ಟಿಲ್ಲದೆ ತೇಲಿದರೆ, ಇಂಚಿಗೆ 72 ಎಳೆಯ ಬಟ್ಟೆಯಲ್ಲಿ 36 ಎಳೆ ಅಗಲದ ಎಲೆ ಎಂದರೆ ಅರ್ಧ ಇಂಚಿನ ಸಡಿಲ ಜರಿ. ಬಳೆಗೆ ಸಿಕ್ಕಿ ಎದ್ದು ಬರಲು ಅಷ್ಟು ಸಾಕು. ಅದನ್ನು ನಡುನಡುವೆ ಹಾಸಿನ ಎಳೆಯಿಂದ ಹಿಡಿದು ಕಟ್ಟಬೇಕು. ಕಟ್ಟು ಕಣ್ಣಿಗೆ ಹೊಡೆಯಬಾರದು. ಇದಕ್ಕೊಂದು ಲೆಕ್ಕವಿದೆ. ಎಂಟು ಎಳೆಯ ಸ್ಯಾಟಿನ್ ಕಟ್ಟಿನಲ್ಲಿ ಪ್ರತಿ ಹೊಕ್ಕಿಗೂ ಕಟ್ಟು ಮೂರು ಅಥವಾ ಐದು ಎಳೆ ಸರಿಯುತ್ತ ಹೋಗಬೇಕು. ಒಂದು ಅಥವಾ ಏಳರಂತೆ ಸರಿದರೆ ಕಟ್ಟುಗಳು ಓರೆ ಗೆರೆಯಾಗಿ ಎದ್ದು ಕಾಣುತ್ತವೆ. ಎರಡು, ನಾಲ್ಕು, ಆರರಂತೆ ಸರಿದರೆ ಕೆಲವು ಎಳೆಗಳಿಗೆ ಕಟ್ಟೇ ಬೀಳುವುದಿಲ್ಲ. ಆರು ಎಳೆಯ ಮೇಲೆ ಸಮಗತಿಯ ಸ್ಯಾಟಿನ್ ಸಾಧ್ಯವೇ ಇಲ್ಲ. ಅನುಭವಿ ನೇಕಾರರಿಗೆ ಇದು ಕೈಯಲ್ಲೇ ಇರುವ ಜ್ಞಾನ. ತಂತ್ರಾಂಶ ಇದನ್ನು ಸಿದ್ಧ ಪಟ್ಟಿಯಾಗಿ ಒದಗಿಸುತ್ತದೆ, ಉದ್ದ ತೇಲುವ ಎಳೆಗಳನ್ನು ಕೆಂಪಾಗಿ ತೋರಿಸಿ ಎಚ್ಚರಿಸುವುದೂ ಉಂಟು. ಯಾವ ಎಲೆಗೆ ಯಾವ ಕಟ್ಟು ಹೊಂದುತ್ತದೆ, ಜರಿ ಎಷ್ಟು ಮಿನುಗಬೇಕು ಎಂಬ ಆಯ್ಕೆ ಮನುಷ್ಯನದೇ. ಚಿತ್ರ ಬಿಡಿಸುವ ಸಾಮಾನ್ಯ ತಂತ್ರಾಂಶದಲ್ಲಿ ನಕ್ಷೆ ಮಾಡಿ ಕೊಡುವವರ ಕೈಯಲ್ಲಿ ಮೊದಲು ಸೊರಗುವುದು ಈ ಭಾಗ.

ಈ ಕಾರಣದಿಂದಲೇ ಡಿಜಿಬುನಾಯಿ ಎಂಬ ತಂತ್ರಾಂಶವನ್ನು ನಾನು ಮಹತ್ವದ ಹೆಜ್ಜೆ ಎಂದು ಪರಿಗಣಿಸುತ್ತೇನೆ. ಕೇಂದ್ರ ಸರ್ಕಾರದ ಡಿಜಿಟಲ್ ಇಂಡಿಯಾ ಕಾರ್ಪೊರೇಷನ್ ರೂಪಿಸಿದ, ಸಣ್ಣ ಚಿತ್ತಾರಗಳ ಡಾಬಿ ಮತ್ತು ಜಕಾರ್ಡ್ ನೇಯ್ಗೆಗೆಂದೇ ಇರುವ ಮುಕ್ತ ತಂತ್ರಾಂಶ ಇದು. ಬನಾರಸಿ ಸೀರೆಯನ್ನು ಮುಖ್ಯವಾಗಿ ಕಣ್ಣ ಮುಂದಿಟ್ಟುಕೊಂಡು ಬೆಳೆದದ್ದು. ದುಬಾರಿ ವಿದೇಶಿ ತಂತ್ರಾಂಶಗಳ ಬಾಗಿಲು ಸಣ್ಣ ಮಗ್ಗದವರಿಗೆ ಮುಚ್ಚಿರುವಾಗ, ನೇಯ್ಗೆಯ ವ್ಯಾಕರಣ ಬಲ್ಲ ಉಪಕರಣವೊಂದು ಎಲ್ಲರಿಗೂ ಸಿಗುವಂತಿರುವುದು ಸಣ್ಣ ಸಂಗತಿಯಲ್ಲ.

ಈಗ ಇಳಕಲ್ಲಿಗೆ ಬರೋಣ. ಬಾಗಲಕೋಟೆ ಜಿಲ್ಲೆಯ ಈ ಊರಿನ ಸೀರೆಯನ್ನು ಬೇರೆ ಸೀರೆಗಳಿಂದ ಪ್ರತ್ಯೇಕಿಸುವುದು ಅದರ ಸೆರಗು ಮೈಗೆ ಕೂಡುವ ರೀತಿ. ಸಾಮಾನ್ಯ ಸೀರೆಯಲ್ಲಿ ಹಾಸು ಒಂದೇ, ಉದ್ದಕ್ಕೆ ಹರಿದು ಬರುತ್ತದೆ; ಸೆರಗಿನಲ್ಲಿ ಬದಲಾಗುವುದು ಹೊಕ್ಕು. ಇಳಕಲ್ಲಿನಲ್ಲಿ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಮೈಯದು ಹತ್ತಿಯಿದ್ದರೂ ಸೆರಗಿನದು ರೇಷ್ಮೆಯಾಗಿರಬಹುದು. ಎರಡು ಹಾಸುಗಳ ಎಳೆಗಳನ್ನು ಒಂದರೊಳಗೊಂದು ಕುಣಿಕೆ ಹಾಕಿ ಕೂಡಿಸುತ್ತಾರೆ. ಈ ಕೊಂಡಿಯಿಂದಾಗಿಯೇ ಸೆರಗಿನ ಕೆಂಪು ಅಷ್ಟು ಗಾಢವಾಗಿ, ಬೇರೆ ಬಣ್ಣದ ಹಾಸಿನ ಬೆರಕೆಯಿಲ್ಲದೆ ನಿಲ್ಲುತ್ತದೆ. ಬಿಳಿಯ ತೋಪು ತೆನೆ ಚಿತ್ತಾರ ಅದರ ಮೇಲೆ ಎದ್ದು ಕಾಣುತ್ತದೆ. ಪರಿಣಾಮವಾಗಿ ಪ್ರತಿ ಸೀರೆಗೂ ಹೊಸದಾಗಿ ಹಾಸು ಸಿದ್ಧಪಡಿಸಬೇಕು. ಹತ್ತಾರು ಸೀರೆಗಾಗುವಷ್ಟು ಉದ್ದನೆಯ ಹಾಸನ್ನು ಒಮ್ಮೆಗೇ ಸುತ್ತಿಟ್ಟು ಎಡೆಬಿಡದೆ ನೇಯುವ ಅನುಕೂಲ ಇಲ್ಲಿಲ್ಲ.

ತಂತ್ರಾಂಶದ ಲಾಭ ನಿಂತಿರುವುದು ಮರುಕಳಿಕೆಯ ಮೇಲೆ. ಒಂದೇ ಹಾಸು ಹರಿಯುತ್ತಿರಲಿ, ಮೇಲಿನ ಆಜ್ಞೆ ಮಾತ್ರ ಬದಲಾಗಲಿ ಎಂಬುದು ಅದರ ಪೂರ್ವಭಾವನೆ. ಇಳಕಲ್ಲಿನ ಕೊಂಡಿ ಆ ಹರಿವನ್ನೇ ಸೀರೆಗೊಮ್ಮೆ ಕಡಿಯುತ್ತದೆ. ಅಂಚಿನ ಗೋಮಿ, ಚಿಕ್ಕಿ ಪರಾಸ ಎಂಬ ಚಿತ್ತಾರಗಳನ್ನು ಪರದೆಯ ಮೇಲೆ ಬರೆಯಬಹುದು, ತಿದ್ದಬಹುದು, ಹೊಸ ಬಣ್ಣದಲ್ಲಿ ಗ್ರಾಹಕರಿಗೆ ತೋರಿಸಬಹುದು. ಕೊಂಡಿಗೆ ಮಾತ್ರ ಇವುಗಳಿಂದ ಆಗುವ ಸಹಾಯ ಏನೂ ಇಲ್ಲ, ಏಕೆಂದರೆ ಅದು ನಕ್ಷೆಯಲ್ಲಿ ಇಲ್ಲವೇ ಇಲ್ಲ. ಹೀಗಾಗಿ ಇಳಕಲ್ ಮಾದರಿಯನ್ನು ಕಡತ ಮಾಡಿಕೊಂಡು ವಿದ್ಯುತ್ ಮಗ್ಗದಲ್ಲಿ ನೇಯ್ದಾಗ ಚಿತ್ತಾರ ಬರುತ್ತದೆ, ಸೆರಗಿನ ರೂಪರೇಖೆಯೂ ಬರುತ್ತದೆ, ಬಿಟ್ಟುಹೋಗುವುದು ಕೊಂಡಿ. ದೂರದಿಂದ ನೋಡುವ ಕೊಳ್ಳುಗರಿಗೆ, ಅದರಲ್ಲೂ ಫೋನಿನ ಪರದೆಯಲ್ಲಿ ಸೀರೆ ಆರಿಸುವವರಿಗೆ, ಈ ವ್ಯತ್ಯಾಸ ಗೋಚರಿಸುವುದಿಲ್ಲ. ಸೀರೆಯನ್ನು ಮಗುಚಿ, ಮೈ ಮತ್ತು ಸೆರಗು ಸೇರುವ ಗೆರೆಯ ಮೇಲೆ ಬೆರಳಾಡಿಸಿದವರಿಗೆ ಕೊಂಡಿಗಳ ಸಾಲು ತಟ್ಟನೆ ಸಿಗುತ್ತದೆ.

ಇಂಥ ನಕಲನ್ನು ತಡೆಯಲು ಕಾನೂನು ಅರ್ಧ ದಾರಿಗೆ ಮಾತ್ರ ಬರುತ್ತದೆ. ಇಳಕಲ್ ಸೀರೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. ಅದು ಕಾಯುವುದು ಹೆಸರನ್ನು. 2000ದ ವಿನ್ಯಾಸ ಕಾಯ್ದೆ ಹೊಸ ವಿನ್ಯಾಸಕ್ಕೆ ಮೊದಲು 10 ವರ್ಷ, ನಂತರ ಇನ್ನೂ 5 ವರ್ಷ ರಕ್ಷಣೆ ಕೊಡುತ್ತದೆ. ತಲೆಮಾರುಗಳಿಂದ ಬಂದ ಚಿತ್ತಾರ ಹೊಸದಲ್ಲವಾದ್ದರಿಂದ ಅದಕ್ಕೆ ಈ ರಕ್ಷಣೆ ಸಿಗುವುದಿಲ್ಲ. ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟ 1985ರ ಕಾಯ್ದೆ, ವಿದ್ಯುತ್ ಮಗ್ಗವಲ್ಲದ ಮಗ್ಗವೆಲ್ಲ ಕೈಮಗ್ಗ ಎನ್ನುತ್ತದೆ. ಕಾರ್ಡುಗಳ ಕಾಲಕ್ಕೆ ಅಷ್ಟು ಸಾಕಿತ್ತು. ಲಾಳಿ ಎಸೆಯುವುದು, ಹಣಿಗೆ ಬಡಿಯುವುದು, ಕಾಲುಹಲಗೆ ತುಳಿಯುವುದು ನೇಕಾರನೇ ಆಗಿದ್ದು, ಎಳೆ ಆರಿಸುವ ಕೆಲಸಕ್ಕೆ ಮಾತ್ರ ವಿದ್ಯುತ್ ಬಳಸುವ ಎಲೆಕ್ಟ್ರಾನಿಕ್ ಜಕಾರ್ಡ್ ಕೂತ ಮಗ್ಗ ಯಾವ ಕಡೆಗೆ ಸೇರಬೇಕು? ಅದು ಕೈಮಗ್ಗವೇ ಎಂಬುದು ನನ್ನ ಅಭಿಪ್ರಾಯ. ಬಟ್ಟೆ ಮೂಡುವುದು ನೇಕಾರನ ಮೈಬಲದಿಂದ ಮತ್ತು ಕೈಯ ಹದದಿಂದ. 57,600 ತೀರ್ಮಾನಗಳನ್ನು ಕಾರ್ಡಿಗೆ ಇಳಿಸುವ ದಣಿವನ್ನು ಕಳೆದ ಮಾತ್ರಕ್ಕೆ ಆ ಬಟ್ಟೆಯ ಜಾತಿ ಬದಲಾಗುವುದಿಲ್ಲ.

ಕಾನೂನು ಕಾಯದ್ದನ್ನು ದಾಖಲೆಯಾದರೂ ಉಳಿಸಬೇಕು. ಆದರೆ ಸೀರೆಗಳ ಡಿಜಿಟಲ್ ದಾಖಲೆ ಎಂಬ ಹೆಸರಿನಲ್ಲಿ ಚಿತ್ತಾರದ ಸ್ಕ್ಯಾನ್ ಪ್ರತಿಗಳನ್ನಷ್ಟೇ ಕೂಡಿಟ್ಟರೆ ಇಳಕಲ್ಲಿನ ಮಟ್ಟಿಗೆ ಸಿಗುವುದು ಅಂಚಿನ ಚಿತ್ರ ಮಾತ್ರ. ಮೈಯ ಹಾಸಿನ ನೂಲಿನ ನಂಬರು, ಸೆರಗಿನ ಹಾಸಿನ ನೂಲು, ಎರಡರ ಎಳೆಗಳ ಸಂಖ್ಯೆ, ಹಣಿಗೆಯ ಅಳತೆ, ಕುಣಿಕೆ ಹಾಕುವ ಕ್ರಮ, ಕೊಂಡಿ ಹಣಿಗೆಯನ್ನು ದಾಟುವಾಗ ನೇಕಾರರು ಹಾಸಿನ ಬಿಗಿಯನ್ನು ಹೇಗೆ ಕಾಯುತ್ತಾರೆ ಎಂಬುದರ ವಿಡಿಯೋ, ಇಷ್ಟೂ ಒಂದೇ ಕಡತದೊಳಗೆ ಬರಬೇಕು. ಇವುಗಳಲ್ಲಿ ಮೊದಲ ನಾಲ್ಕನ್ನು ತುಂಬಿಕೊಳ್ಳಲು ಈಗಿರುವ ನೇಯ್ಗೆ ತಂತ್ರಾಂಶದ ಚೌಕಟ್ಟೇ ಸಾಕು. ಉಳಿದೆರಡನ್ನು ಮಗ್ಗದ ಪಕ್ಕದಲ್ಲಿ ಕುಳಿತು ದಾಖಲಿಸಿಕೊಳ್ಳಬೇಕು, ಮತ್ತು ಆ ಕೆಲಸವನ್ನು ಕೊಂಡಿ ಹಾಕುವವರಿಂದಲೇ ಆರಂಭಿಸಬೇಕು.