ಅಂಗಡಿಯ ಜೋಡಿ ಮೊಲದಿಂದ ಕಾಕಿನಾಡದ ಅಸ್ಥಿಪಂಜರದವರೆಗೆ: ತಳಿ ಬೆರೆಸುವುದರ ಇತಿಹಾಸ

ಇವತ್ತಿನ ವಿಷಯ ಮೊಲ. ನಗಬೇಡಿ, ಇತಿಹಾಸದ ಚಾನೆಲ್‌ನಲ್ಲಿ ಮೊಲ ಯಾಕೆ ಅಂತ. ರಾಜರು, ಯುದ್ಧ, ಶಾಸನ ಇದೆಲ್ಲ ಮಾತಾಡ್ತೀವಿ. ಆದರೆ ಮನುಷ್ಯ ಪ್ರಾಣಿಗಳ ಮೈಯನ್ನೇ ತನಗೆ ಬೇಕಾದ ಹಾಗೆ ತಿದ್ದಿದ್ದೂ ಇತಿಹಾಸವೇ. ಆ ತಿದ್ದುವಿಕೆಯ ಲೆಕ್ಕ ಗೊತ್ತಿಲ್ಲದೆ ಕೈ ಹಾಕಿದರೆ ಏನಾಗುತ್ತೆ ಅನ್ನೋದು ಇವತ್ತಿನ ಪ್ರಶ್ನೆ.

ನಾನು ಕೆಲಸದ ಮೇಲೆ ಕೆಲವು ವರ್ಷ ವಿಜಯವಾಡದಲ್ಲಿದ್ದೆ, ಈಗ ವಿಶಾಖಪಟ್ಟಣದಲ್ಲಿದ್ದೀನಿ. ಎರಡೂ ಊರಲ್ಲಿ ಒಂದು ವಿಷಯ ಗಮನಿಸಿದೆ. ಸಾಕುಪ್ರಾಣಿ ಅಂಗಡಿಗಳಲ್ಲಿ ಮೊಲವನ್ನ ಜೋಡಿಯಾಗಿ ಮಾರ್ತಾರೆ. ಒಂದು ಗಂಡು, ಒಂದು ಹೆಣ್ಣು, ಬಹಳ ಸಲ ಒಂದೇ ಸೂಲಿನ ಮರಿಗಳು. ಅಂದರೆ ಅಣ್ಣ-ತಂಗಿ. ಮನೆಗೆ ತಂದ ಆರು ತಿಂಗಳಿಗೆ ಅವು ಮರಿ ಹಾಕುತ್ತವೆ. ಮೊಲದ ಗರ್ಭ ಸುಮಾರು 31 ದಿನ ಅಷ್ಟೇ. ಆ ಮರಿಗಳು ತಮ್ಮತಮ್ಮಲ್ಲೇ ಕೂಡುತ್ತವೆ. ಮೂರು ವರ್ಷ ಆಗೋದರೊಳಗೆ ನಾಲ್ಕು ಪೀಳಿಗೆ ಮುಗಿದಿರುತ್ತೆ. ಆಮೇಲೆ ಯಾರೋ ಹೇಳ್ತಾರೆ, "ಬೇರೆ ಜಾತಿ ಮೊಲ ತಂದು ಕ್ರಾಸ್ ಮಾಡಿಸಿ, ಒಳ್ಳೇ ಮರಿ ಬರುತ್ತೆ" ಅಂತ. ಇದು ಅರ್ಧ ನಿಜ. ಉಳಿದರ್ಧ ತಿಳಿಯೋಕೆ ಹಿಂದಕ್ಕೆ ಹೋಗಬೇಕು.

ಯಾವ ಮೊಲ?

ಮೊದಲು ಒಂದು ಗೊಂದಲ ಬಗೆಹರಿಸೋಣ. ನಮ್ಮ ಹೊಲದ ಬದುವಿನಲ್ಲಿ ಓಡೋ ಕಾಡುಮೊಲ ಬೇರೆ, ಪಂಜರದ ಸಾಕುಮೊಲ ಬೇರೆ. ಕನ್ನಡದಲ್ಲಿ ಎರಡಕ್ಕೂ ಮೊಲ, ತೆಲುಗಿನಲ್ಲಿ ಎರಡಕ್ಕೂ ಕುಂದೇಲು. ಆದರೆ ಕುಲವೇ ಬೇರೆ. ಕಾಡುಮೊಲಕ್ಕೆ 48 ಕ್ರೋಮೋಸೋಮ್, ಸಾಕುಮೊಲಕ್ಕೆ 44. ಕಾಡುಮೊಲದ ಮರಿ ಕಣ್ಣು ಬಿಟ್ಟುಕೊಂಡು, ಮೈತುಂಬ ಕೂದಲಿನ ಜೊತೆ ಹುಟ್ಟುತ್ತೆ. ಸಾಕುಮೊಲದ ಮರಿ ಕಣ್ಣು ಮುಚ್ಚಿ, ಬರಿಮೈಯಲ್ಲಿ ಹುಟ್ಟುತ್ತೆ. ಇವೆರಡನ್ನ ಕ್ರಾಸ್ ಮಾಡಿಸ್ತೀವಿ ಅನ್ನೋ ಮಾತೆಲ್ಲ ಸುಳ್ಳು. ಜೊತೆಗೆ ನಮ್ಮ ಕಾಡುಮೊಲ ವನ್ಯಜೀವಿ ಕಾಯ್ದೆಯಲ್ಲಿ ರಕ್ಷಿತ ಪ್ರಾಣಿ, ಹಿಡಿದು ಸಾಕುವುದೇ ಅಪರಾಧ.

ಸಾಕುಮೊಲದ ತವರು ಸ್ಪೇನ್, ಪೋರ್ಚುಗಲ್ ಮತ್ತು ದಕ್ಷಿಣ ಫ್ರಾನ್ಸ್. ಅದು ಮನೆಗೆ ಬಂದ ಬಗ್ಗೆ ಒಂದು ಜನಪ್ರಿಯ ಕಥೆ ಇದೆ. ಕ್ರಿ.ಶ. 600ರ ಸುಮಾರಿಗೆ ಪೋಪ್ ಗ್ರೆಗರಿ "ಹುಟ್ಟಿದ ತಕ್ಷಣದ ಮೊಲದ ಮರಿ ಮಾಂಸವಲ್ಲ, ಉಪವಾಸದಲ್ಲಿ ತಿನ್ನಬಹುದು" ಅಂತ ಅಪ್ಪಣೆ ಕೊಟ್ಟರಂತೆ, ಅದಕ್ಕೇ ಸನ್ಯಾಸಿಗಳು ಮೊಲ ಸಾಕೋಕೆ ಶುರು ಮಾಡಿದರಂತೆ. ಎಷ್ಟೋ ಪಠ್ಯಪುಸ್ತಕಗಳಲ್ಲಿ ಇದು ಇತ್ತು. 2018ರಲ್ಲಿ ಸಂಶೋಧಕರು ಮೂಲ ದಾಖಲೆ ಹುಡುಕಿದಾಗ ಅಂಥ ಅಪ್ಪಣೆಯೇ ಸಿಗಲಿಲ್ಲ. ಟೂರ್ಸ್ ಊರಿನ ಗ್ರೆಗರಿ ಅನ್ನೋ ಇನ್ನೊಬ್ಬ ಬಿಷಪ್, ಒಬ್ಬ ವ್ಯಕ್ತಿ ಉಪವಾಸದ ದಿನಗಳಲ್ಲಿ ಮೊಲದ ಮರಿ ತಿಂದ ಅಂತ ಬರೆದಿದ್ದ. ಎರಡು ಗ್ರೆಗರಿಗಳು ಸೇರಿ ಒಂದು ಕಥೆ ಆಯ್ತು. ಸಾಕುಮೊಲ ಒಂದು ದಿನದಲ್ಲಿ, ಒಂದು ಆಜ್ಞೆಯಿಂದ ಆಗಿದ್ದಲ್ಲ. ನೂರಾರು ವರ್ಷ ನಿಧಾನವಾಗಿ ಆಗಿದ್ದು.

ಕಿವಿ ಉದ್ದ ಮಾಡಿದವರು

19ನೇ ಶತಮಾನದ ಇಂಗ್ಲೆಂಡಿನಲ್ಲಿ ಮೊಲ ಸಾಕೋದು ಹವ್ಯಾಸವಾಯ್ತು, ಪ್ರದರ್ಶನಗಳು ಶುರುವಾದವು. ಬಹುಮಾನ ಯಾವುದಕ್ಕೆ? ಕಿವಿ ಉದ್ದಕ್ಕೆ. ಚಾರ್ಲ್ಸ್ ಡಾರ್ವಿನ್ 1868ರಲ್ಲಿ ಸಾಕುಪ್ರಾಣಿಗಳ ವೈವಿಧ್ಯದ ಬಗ್ಗೆ ಬರೆದ ದೊಡ್ಡ ಗ್ರಂಥದಲ್ಲಿ ಮೊಲಕ್ಕೇ ಒಂದು ಅಧ್ಯಾಯ ಇಟ್ಟಿದ್ದಾನೆ. ಒಂದು ಕಿವಿಯ ತುದಿಯಿಂದ ಇನ್ನೊಂದರ ತುದಿಗೆ 22 ಇಂಚು ಇದ್ದ ಮೊಲಗಳ ಲೆಕ್ಕ ಅಲ್ಲಿದೆ. ಅವನು ಅಲ್ಲಿಗೇ ನಿಲ್ಲಲಿಲ್ಲ, ತಲೆಬುರುಡೆಗಳನ್ನ ಅಳೆದ. ಸಾಕುಮೊಲದ ಮಿದುಳು, ಮೈಯ ಗಾತ್ರಕ್ಕೆ ಹೋಲಿಸಿದರೆ, ಕಾಡಿನ ಮೊಲಕ್ಕಿಂತ ಚಿಕ್ಕದು. ಒಂದೇ ಕಿವಿ ಇಳಿಬಿದ್ದ ಮೊಲಗಳ ಬುರುಡೆ ಎರಡೂ ಕಡೆ ಒಂದೇ ಥರ ಇರಲಿಲ್ಲ.

ಇಲ್ಲಿ ಒಂದು ನಿಮಿಷ ನಿಲ್ಲಿ. ತೀರ್ಪುಗಾರ ನೋಡಿದ್ದು ಕಿವಿ ಮಾತ್ರ. ಆದರೆ ಬದಲಾಗಿದ್ದು ಮೂಳೆ. ಸಾಫ್ಟ್‌ವೇರ್‌ನಲ್ಲಿ ನಮಗೆ ಇದು ದಿನಾ ಕಾಣೋ ಸಂಗತಿ. ಒಂದು ಫಂಕ್ಷನ್ ಮುಟ್ಟಿದರೆ ಇನ್ನೆಲ್ಲೋ ಏನೋ ಒಡೆಯುತ್ತೆ. ವ್ಯತ್ಯಾಸ ಏನಂದ್ರೆ, ಅಲ್ಲಿ ಹಳೇ ವರ್ಷನ್‌ಗೆ ವಾಪಸ್ ಹೋಗಬಹುದು. ಜೀವದಲ್ಲಿ ಹಾಗೆ ಹೋಗೋಕೆ ಆಗಲ್ಲ.

ಸಾಯಲೆಂದೇ ಹುಟ್ಟುವ ಮರಿ

ಈಗ ಎಲ್ಲರಿಗೂ ಬೇಕಾದ ಕುಳ್ಳ ಮೊಲಕ್ಕೆ ಬರೋಣ. ನೆದರ್ಲೆಂಡ್ಸ್‌ನಲ್ಲಿ 20ನೇ ಶತಮಾನದ ಮೊದಲ ಭಾಗದಲ್ಲಿ, ಚಿಕ್ಕ ಬಿಳಿ ಮೊಲ ಮತ್ತು ಅಲ್ಲಿನ ಕಾಡಿನ ಮೊಲಗಳನ್ನ ಬೆರೆಸಿ ಮಾಡಿದ ತಳಿ ನೆದರ್ಲೆಂಡ್ ಡ್ವಾರ್ಫ್. ದುಂಡು ಮುಖ, ಗಿಡ್ಡ ಕಿವಿ, ಎಷ್ಟು ದಿನ ಆದರೂ ಮರಿಯ ಹಾಗೇ ಕಾಣುತ್ತೆ. ಇದರ ಹಿಂದೆ ಒಂದು ಜೀನ್ ಇದೆ. ಕುಳ್ಳತನದ ಜೀನ್ ಅಪ್ಪ-ಅಮ್ಮ ಇಬ್ಬರಲ್ಲಿ ಒಬ್ಬರಿಂದ ಮಾತ್ರ ಬಂದರೆ ಮರಿ ಮುದ್ದಾದ ಕುಳ್ಳ. ಇಬ್ಬರಿಂದಲೂ ಬಂದರೆ ಮರಿ ತೀರಾ ಸಣ್ಣದಾಗಿ ಹುಟ್ಟಿ ಕೆಲವೇ ದಿನದಲ್ಲಿ ಸಾಯುತ್ತೆ. ಸಾಕುವವರು ಅದಕ್ಕೆ "ಪೀನಟ್" ಅಂತಾರೆ, ಅಂದರೆ ಕಡಲೆಕಾಯಿ. ಇದಕ್ಕೆ ಕಾರಣ ಒಂದು ಜೀನ್‌ನ ಭಾಗವೇ ಬಿಟ್ಟುಹೋಗಿರೋದು ಅಂತ 2017ರಲ್ಲಿ ಗೊತ್ತಾಯ್ತು.

ಲೆಕ್ಕ ಸುಲಭ. ಕುಳ್ಳ ಗಂಡು, ಕುಳ್ಳ ಹೆಣ್ಣು ಸೇರಿದರೆ ಸರಾಸರಿ ನಾಲ್ಕು ಮರಿಯಲ್ಲಿ ಒಂದು ಸಾಯುತ್ತೆ, ಎರಡು ಕುಳ್ಳ, ಒಂದು ಸಾಮಾನ್ಯ ಗಾತ್ರದ್ದು. ಅದೇ ಕುಳ್ಳ ಮೊಲವನ್ನ ಅದೇ ತಳಿಯ ಸಾಮಾನ್ಯ ಗಾತ್ರದ ಮೊಲದ ಜೊತೆ ಬಿಟ್ಟರೆ? ಅರ್ಧ ಕುಳ್ಳ, ಅರ್ಧ ಸಾಮಾನ್ಯ, ಸಾಯೋದು ಯಾವುದೂ ಇಲ್ಲ. ಗಮನಿಸಿ, ಎರಡೂ ಜೋಡಿಯಲ್ಲಿ ಕುಳ್ಳ ಮರಿಗಳು ಸಿಗೋದು ಅರ್ಧದಷ್ಟೇ. ಮೊದಲನೇ ಜೋಡಿಯಿಂದ ಒಂದೂ ಹೆಚ್ಚು ಕುಳ್ಳ ಮರಿ ಬರಲಿಲ್ಲ, ಸಾವು ಮಾತ್ರ ಹೆಚ್ಚಾಯ್ತು. ಚುಕ್ಕೆಚುಕ್ಕೆ ಇರೋ ಇಂಗ್ಲಿಷ್ ಸ್ಪಾಟ್ ತಳಿಯಲ್ಲೂ ಹೀಗೇ. ಚುಕ್ಕೆಯ ಜೀನ್ ಎರಡೂ ಕಡೆಯಿಂದ ಬಂದ ಮರಿಗೆ ದೊಡ್ಡ ಕರುಳು ಊದಿಕೊಂಡು ಜೀರ್ಣವಾಗದ ಕಾಯಿಲೆ ಬರುತ್ತೆ. ಪರಿಹಾರವೂ ಅದೇ. ಚುಕ್ಕೆ ಇರೋದನ್ನ ಚುಕ್ಕೆ ಇಲ್ಲದ್ದಕ್ಕೆ ಕೊಡಿ.

ಜವಾಬ್ದಾರಿ ಅನ್ನೋದು ಇಲ್ಲಿ ದೊಡ್ಡ ತತ್ವ ಅಲ್ಲ. ಎರಡು ನಿಮಿಷದ ಲೆಕ್ಕ.

ಗಿನಿಪಿಗ್ ಮತ್ತು ಒಂದು ಸೂತ್ರ

ಈ ಲೆಕ್ಕ ಬಂದಿದ್ದೆಲ್ಲಿಂದ? ಹಾರ್ವರ್ಡ್‌ನಲ್ಲಿ ವಿಲಿಯಂ ಕ್ಯಾಸಲ್ ಅಂತ ಒಬ್ಬ ವಿಜ್ಞಾನಿ ಇದ್ದರು. ಮೆಂಡೆಲ್ ನಿಯಮ ಬಟಾಣಿ ಗಿಡಕ್ಕಷ್ಟೇ ಅಲ್ಲ, ಪ್ರಾಣಿಗಳಿಗೂ ಅನ್ವಯ ಆಗುತ್ತೆ ಅಂತ ಮೊಲ, ಗಿನಿಪಿಗ್ ಸಾಕಿ ತೋರಿಸಿದವರಲ್ಲಿ ಅವರು ಪ್ರಮುಖರು. ಅವರ ಶಿಷ್ಯ ಸೀವಾಲ್ ರೈಟ್. ಅಮೆರಿಕದ ಕೃಷಿ ಇಲಾಖೆಯಲ್ಲಿ 1906ರಿಂದ ಗಿನಿಪಿಗ್‌ಗಳನ್ನ ಅಣ್ಣ-ತಂಗಿ ಕೂಡಿಸುತ್ತಾ ಬಂದಿದ್ದರು. 1915ರಲ್ಲಿ ಕೆಲಸಕ್ಕೆ ಸೇರಿದ ರೈಟ್‌ಗೆ ಆ ರಾಶಿ ದಾಖಲೆ ಸಿಕ್ಕಿತು. ಪೀಳಿಗೆ ಕಳೆದಂತೆ ಮರಿಗಳ ಸಂಖ್ಯೆ ಇಳಿದಿತ್ತು, ತೂಕ ಇಳಿದಿತ್ತು, ರೋಗ ತಡೆಯೋ ಶಕ್ತಿ ಇಳಿದಿತ್ತು. ಎರಡು ಬೇರೆ ಬೇರೆ ಒಳಸಂಬಂಧದ ಕುಟುಂಬಗಳನ್ನ ಕ್ರಾಸ್ ಮಾಡಿಸಿದ ಕೂಡಲೇ ಮರಿಗಳು ಚೇತರಿಸಿಕೊಂಡವು.

1922ರಲ್ಲಿ ರೈಟ್ ಇದಕ್ಕೊಂದು ಅಳತೆ ಕೊಟ್ಟರು. ಅಪ್ಪ-ಅಮ್ಮ ಅಣ್ಣ-ತಂಗಿಯಾದರೆ ಮರಿಯ ಒಳಸಂಬಂಧದ ಪ್ರಮಾಣ ಶೇ. 25. ಆ ಮರಿಗಳನ್ನೇ ಮತ್ತೆ ಕೂಡಿಸಿದರೆ 37.5. ಮೂರನೇ ಪೀಳಿಗೆಗೆ 50. ನಾಲ್ಕನೆಯದಕ್ಕೆ ಸುಮಾರು 59. ಅಂಗಡಿಯ ಜೋಡಿ ಮೊಲ ಮೂರು ವರ್ಷದಲ್ಲಿ ತಲುಪೋ ಜಾಗ ಇದು. ಮರಿ ಸಾಯ್ತಾ ಇದೆ ಅಂದ್ರೆ ಯಾರ ಕಣ್ಣೂ ಬಿದ್ದಿಲ್ಲ, ಪಂಜರದ ದಿಕ್ಕೂ ಸರಿಯಾಗೇ ಇದೆ. ಲೆಕ್ಕ ತಪ್ಪಿದೆ.

ಕಾಕಿನಾಡದಲ್ಲಿ ಹಾಲ್ಡೇನ್

ಈಗ ನಮ್ಮ ದಾರಿಗೆ ಬರ್ತೀನಿ. ವಿಶಾಖಪಟ್ಟಣದಿಂದ ವಿಜಯವಾಡಕ್ಕೆ ರೈಲಲ್ಲಿ ಹೊರಟರೆ ತುನಿ, ಪಿಠಾಪುರ, ಸಾಮರ್ಲಕೋಟ ಬರುತ್ತೆ. ಸಾಮರ್ಲಕೋಟದಿಂದ ಪಕ್ಕಕ್ಕೆ ಕಾಕಿನಾಡ. ಅಲ್ಲಿನ ರಂಗರಾಯ ಮೆಡಿಕಲ್ ಕಾಲೇಜಿನಲ್ಲಿ ಒಬ್ಬ ಇಂಗ್ಲಿಷ್ ಮನುಷ್ಯನ ಅಸ್ಥಿಪಂಜರ ಇದೆ. ಅವರೇ ಜೆ.ಬಿ.ಎಸ್. ಹಾಲ್ಡೇನ್. ರೈಟ್ ಮತ್ತು ಫಿಶರ್ ಜೊತೆ ಸೇರಿಸಿ ಹೇಳೋ ಮೂರನೇ ಹೆಸರು. ತಳಿವಿಜ್ಞಾನಕ್ಕೆ ಗಣಿತದ ಬೆನ್ನೆಲುಬು ಕೊಟ್ಟವರು ಈ ಮೂವರೇ.

ಹಾಲ್ಡೇನ್ ಶುರು ಮಾಡಿದ್ದೂ ಮನೆಯ ಸಾಕುಪ್ರಾಣಿಗಳಿಂದ. ಆಕ್ಸ್‌ಫರ್ಡ್ ಮನೆಯಲ್ಲಿ ತಂಗಿ ನವೋಮಿ ಗಿನಿಪಿಗ್ ಸಾಕಿದ್ದಳು. 1915ರಲ್ಲಿ ಅಣ್ಣ-ತಂಗಿ ಒಬ್ಬ ಗೆಳೆಯನ ಜೊತೆ ಸೇರಿ ಇಲಿಗಳ ಆನುವಂಶಿಕತೆ ಬಗ್ಗೆ ಪ್ರಬಂಧ ಪ್ರಕಟಿಸಿದರು. 1922ರಲ್ಲಿ ಹಾಲ್ಡೇನ್ ಮಿಶ್ರತಳಿಗಳ ಬಗ್ಗೆ ಹೇಳಿದ ನಿಯಮ ಇವತ್ತಿಗೂ ಅವರ ಹೆಸರಲ್ಲೇ ಇದೆ. ದೂರದ ಎರಡು ಪ್ರಾಣಿಗಳ ಮಿಶ್ರಣದಲ್ಲಿ ಒಂದು ಲಿಂಗದ ಮರಿ ಬಂಜೆಯಾದರೆ ಅಥವಾ ಬದುಕದಿದ್ದರೆ, ಅದು ಎರಡು ಬೇರೆ ಥರದ ಲಿಂಗ ಕ್ರೋಮೋಸೋಮ್ ಇರೋ ಲಿಂಗವೇ ಆಗಿರುತ್ತೆ.

1957ರಲ್ಲಿ ಅವರು ಇಂಗ್ಲೆಂಡ್ ಬಿಟ್ಟು ಕಲ್ಕತ್ತಾಕ್ಕೆ ಬಂದರು, ನಂತರ ಭುವನೇಶ್ವರಕ್ಕೆ. 1964ರ ಡಿಸೆಂಬರ್ 1ರಂದು ಅಲ್ಲೇ ತೀರಿಕೊಂಡರು. ದೇಹ ವಿದ್ಯಾರ್ಥಿಗಳ ಕಲಿಕೆಗೆ ಹೋಗಲಿ ಅನ್ನೋದು ಅವರ ಇಚ್ಛೆ. ಹಾಗೆ ಅದು ಕಾಕಿನಾಡ ಸೇರಿತು.

ಪಿಠಾಪುರದಲ್ಲಿ ಹುಟ್ಟಿದ ದ್ರೋಣಂರಾಜು ಕೃಷ್ಣರಾವ್ ಅವರ ಶಿಷ್ಯರು. 1960ರ ಆಸುಪಾಸಿನಲ್ಲಿ ದ್ರೋಣಂರಾಜು ಮತ್ತು ಮೀರಾ ಖಾನ್ ಆಂಧ್ರದ ರಕ್ತಸಂಬಂಧದ ಮದುವೆಗಳ ಅಧ್ಯಯನ ಮಾಡಿದರು. ಅಕ್ಕನ ಮಗಳನ್ನ ಮಾಡಿಕೊಳ್ಳೋದು, ಅತ್ತೆ ಮಗಳು, ಮಾವನ ಮಗ, ಇದು ತೆಲುಗರ ಕಥೆ ಮಾತ್ರ ಅಲ್ಲ. ನಮ್ಮ ಕಡೆಯೂ ಮನೆಮನೆಯ ಕಥೆ. ರೈಟ್ ಅಳತೆಯಲ್ಲಿ ಸೋದರಮಾವ-ಸೊಸೆ ಮದುವೆಯ ಮಗುವಿಗೆ ಶೇ. 12.5, ಅತ್ತೆ-ಮಾವನ ಮಕ್ಕಳ ಮದುವೆಗೆ 6.25. ಯಾರ ಮನೆಯನ್ನೂ ಆಡಿಕೊಳ್ಳೋಕೆ ಇದನ್ನ ಹೇಳ್ತಿಲ್ಲ. ಮನೆಯಲ್ಲಿ ಮೊದಲೇ ಕೇಳಿದ ಮಾತನ್ನ ಪಂಜರದ ಮುಂದೆ ನೆನಪಿಸಿಕೊಳ್ಳಿ ಅಂತ. ಒಂದು ಸಂಬಂಧದಿಂದ ರೋಗ ಹುಟ್ಟಲ್ಲ. ಅಡಗಿಕೊಂಡಿದ್ದ ಜೀನ್ ಎರಡೂ ಕಡೆಯಿಂದ ಬಂದು ಭೇಟಿಯಾಗೋ ಸಾಧ್ಯತೆ ಹೆಚ್ಚಾಗುತ್ತೆ.

ಕೃಷ್ಣೆಯ ಪಾಠ

ಹಾಗಾದ್ರೆ ಕ್ರಾಸ್ ಮಾಡಿಸಿದರೆ ಮುಗೀತಾ? ಇಲ್ಲ. ಇದಕ್ಕೆ ಕೃಷ್ಣಾ ನದಿಯೇ ಉದಾಹರಣೆ. ವಿಜಯವಾಡದ ಪ್ರಕಾಶಂ ಬ್ಯಾರೇಜ್ ದಾಟಿ ದಕ್ಷಿಣಕ್ಕೆ ಹೋದರೆ ಗುಂಟೂರು, ಒಂಗೋಲು, ನೆಲ್ಲೂರು. ಅದು ಒಂಗೋಲು ದನದ ಸೀಮೆ. ಆ ದನ 19ನೇ ಶತಮಾನದಲ್ಲೇ ಬ್ರೆಜಿಲ್ ಸೇರಿ, ನೆಲ್ಲೂರಿನ ಹೆಸರಲ್ಲಿ "ನೆಲೋರ್" ಆಗಿ, ಈಗ ಅಲ್ಲಿನ ಮಾಂಸದ ದನಗಳಲ್ಲಿ ಬಹುಪಾಲು ಅದರದ್ದೇ ರಕ್ತ. ಅದೇ ನದಿಯ ಮೇಲ್ಭಾಗದಲ್ಲಿ ಸಾಂಗ್ಲಿಯ ಪಟವರ್ಧನ ಸಂಸ್ಥಾನಿಕರು, ಎರೆ ಭೂಮಿ ಉಳೋಕೆ ಬಲವಾದ ಎತ್ತು ಬೇಕು ಅಂತ, ಗೀರ್, ಒಂಗೋಲು, ಮೈಸೂರು ಸೀಮೆಯ ದನ ಮತ್ತು ಸ್ಥಳೀಯ ದನ ಬೆರೆಸಿ ಒಂದು ತಳಿ ಮಾಡಿದರು. ಅದೇ ಕೃಷ್ಣಾ ಕಣಿವೆ ತಳಿ. ಬೆಳಗಾವಿ, ಬಾಗಲಕೋಟೆ, ವಿಜಯಪುರದವರು ಕೇಳಿರ್ತೀರಿ. ಯೋಚಿಸಿ ಮಾಡಿದ, ಗುರಿ ಇದ್ದ, ಚೆನ್ನಾಗಿ ದುಡಿದ ಮಿಶ್ರತಳಿ ಅದು.

ಇವತ್ತು ಆ ತಳಿಯ ಶುದ್ಧ ದನ ಸಿಗೋದೇ ಅಪರೂಪ. ಸಂಸ್ಥಾನ ಹೋಯ್ತು, ಟ್ರ್ಯಾಕ್ಟರ್ ಬಂತು, ಸಿಕ್ಕ ಹೋರಿಗೆ ಹಸು ಕೊಟ್ಟದ್ದರಿಂದ ರಕ್ತ ಚದುರಿತು. ಒಂಗೋಲಿಗೆ ಗುಂಟೂರು ಬಳಿಯ ಲಾಂ ಸಂಶೋಧನಾ ಕೇಂದ್ರದಂಥ ಕಾವಲು ಇತ್ತು. ತಳಿ ಕಟ್ಟೋದು ಒಂದು ತಲೆಮಾರಿನ ಕೆಲಸ, ಕಾಯೋದು ಪ್ರತಿ ತಲೆಮಾರಿನ ಕೆಲಸ.

ಮೊಲದಲ್ಲೂ ಅಷ್ಟೇ. 1919ರಲ್ಲಿ ಫ್ರಾನ್ಸಿನ ಹಳ್ಳಿಯೊಂದರಲ್ಲಿ ಮಖಮಲ್ಲಿನಂಥ ಕೂದಲಿನ ರೆಕ್ಸ್ ಮೊಲ ಹುಟ್ಟಿತು. ಊರಿನ ಪಾದ್ರಿ ಗಿಲೆ ಅದನ್ನ ಬೆಳೆಸಿದರು. ಮೊದಲ ರೆಕ್ಸ್‌ಗಳು ಒಳಸಂಬಂಧದಿಂದ ಬಡಕಲಾಗಿದ್ದವು. ಬೇರೆ ತಳಿಯ ಗಟ್ಟಿ ಮೊಲಗಳ ಜೊತೆ ಕ್ರಾಸ್ ಮಾಡಿಸಿದರು. ಮೊದಲ ಪೀಳಿಗೆಯಲ್ಲಿ ಒಂದಕ್ಕೂ ಮಖಮಲ್ ಕೂದಲಿಲ್ಲ. ಅವನ್ನ ತಮ್ಮಲ್ಲೇ ಕೂಡಿಸಿದಾಗ ನಾಲ್ಕರಲ್ಲಿ ಒಂದಕ್ಕೆ ವಾಪಸ್ ಬಂತು. ಯಾವ ಮರಿ ಯಾರದ್ದು ಅಂತ ಬರೆದಿಡದಿದ್ದರೆ ಇದು ಸಾಧ್ಯವೇ ಇರಲಿಲ್ಲ.

ಹಾಗಾದರೆ ಏನು ಮಾಡಬೇಕು?

ಒಂದು, ಜೋಡಿ ತರೋದಾದರೆ ಬೇರೆ ಬೇರೆ ಕಡೆಯಿಂದ ತನ್ನಿ. ಎರಡು, ಒಂದು ನೋಟ್‌ಬುಕ್ ಇಡಿ: ತಂದೆ, ತಾಯಿ, ಹುಟ್ಟಿದ ದಿನ, ಎಷ್ಟು ಹುಟ್ಟಿದವು, ಎಷ್ಟು ಸತ್ತವು, ಹಲ್ಲು ಸರಿ ಇದೆಯಾ. ಮೂರು, ಕುಳ್ಳಕ್ಕೆ ಕುಳ್ಳ, ಚುಕ್ಕೆಗೆ ಚುಕ್ಕೆ ಕೊಡಬೇಡಿ. ನಾಲ್ಕು, ಊರಿನ ಹವೆ ನೋಡಿ. ನಮ್ಮ ದೇಶದ ಮೊಲ ಸಂಶೋಧನೆ ನಡೆದಿರೋ ಜಾಗಗಳಲ್ಲಿ ಕುಲುವಿನ ಗಾರ್ಸಾ, ಕೊಡೈಕೆನಾಲ್ ಬಳಿಯ ಮನ್ನವನೂರು ಇವೆ. ಎಲ್ಲ ತಂಪಿನ ಬೆಟ್ಟ. ವಿಜಯವಾಡದ ಮೇ ತಿಂಗಳಲ್ಲಿ ದಟ್ಟ ಕೂದಲಿನ ಅಂಗೋರಾ ಸಾಕೋದು ಪ್ರಾಣಿಗೆ ಶಿಕ್ಷೆ. ಅಲ್ಲಿ ಸುಧಾರಿಸಬೇಕಾದ ಗುಣ ಯಾವುದಾದರೂ ಇದ್ದರೆ ಅದು ಶಾಖ ತಡೆಯೋ ಶಕ್ತಿ, ಮುಖದ ದುಂಡು ಅಲ್ಲ. ಐದು, ಹುಟ್ಟಿದ ಪ್ರತಿ ಮರಿಗೂ ಮನೆ ಇದೆಯಾ ಅಂತ ಮೊದಲೇ ಎಣಿಸಿ. ಇಲ್ಲ ಅಂದ್ರೆ ಗಂಡು-ಹೆಣ್ಣು ಬೇರೆ ಇಡಿ, ಇಲ್ಲವೇ ಪಶುವೈದ್ಯರ ಹತ್ತಿರ ಆಪರೇಷನ್ ಮಾಡಿಸಿ.

ಸುಧಾರಣೆ ಅನ್ನೋ ಪದ ಬಂದಾಗಲೆಲ್ಲ ನಾನು ಒಂದೇ ಪ್ರಶ್ನೆ ಕೇಳ್ತೀನಿ: ಯಾರಿಗೆ ಸುಧಾರಣೆ? ಡಾರ್ವಿನ್ ಕಾಲದ ಬಹುಮಾನದ ಕಿವಿ ಮೊಲಕ್ಕೆ ಬೇಕಿರಲಿಲ್ಲ. ಸಾಂಗ್ಲಿಯ ಎತ್ತಿನ ಬಲ ಮಾತ್ರ ರೈತನಿಗೂ ಬೇಕಿತ್ತು, ಎತ್ತಿನ ಮೈಯೂ ಅದನ್ನ ತಡೆದುಕೊಂಡಿತು. ಎರಡೂ ಕಡೆಗೆ ಒಳ್ಳೇದಾಗೋ ಗುಣವನ್ನಷ್ಟೇ ಆರಿಸಿ.

ಮುಂದಿನ ಸಂಚಿಕೆಯಲ್ಲಿ ಮೈಸೂರಿನ ಬೆಣ್ಣೆ ಚಾವಡಿ ಹೇಗೆ ಅಮೃತಮಹಲ್ ಆಯ್ತು ಅಂತ ಮಾತಾಡೋಣ. ಅಲ್ಲಿವರೆಗೆ ನಮಸ್ಕಾರ.